ಮಾಗಿಯ ಕೈತೋಟ ಮತ್ತು ಇರುಳಿನ ಅಳತೆ

ಹಿಂಗಾರು ಮಳೆ ಹಿಂದೆ ಸರಿದ ಮೇಲೆ ಶಿವರಾತ್ರಿಯವರೆಗೆ ಹಬ್ಬಿಕೊಳ್ಳುವ ಮಾಗಿಯ ಕಾಲವು ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಚಳಿಯ ಕಾಲವೆಂದೇ ಹೆಸರಾಗಿದ್ದರೂ, ಇಲ್ಲಿನ ಕೈತೋಟದ ಮಟ್ಟಿಗೆ ಚಳಿಯ ಪಾತ್ರ ಜನ ಎಣಿಸಿದಷ್ಟು ದೊಡ್ಡದಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಅಂದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಗಿಡ ಸಾಯುವಂಥ ಚಳಿ ಈ ಊರಿನ ತೋಟಗಳನ್ನು ಮುಟ್ಟುವುದಿಲ್ಲ. ಹೀಗಿದ್ದೂ ಬೀಜದ ಪೊಟ್ಟಣದ ಹಿಂಬದಿಯ ಸೂಚನೆಗಳೂ ಅನೇಕ ತೋಟಗಾರಿಕೆ ಪುಸ್ತಕಗಳೂ ಉತ್ತರದ ಸೀಮೆಗಳ ಚಳಿಗಾಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವಾದ್ದರಿಂದ, ಅವನ್ನು ನಂಬಿದ ಮನೆಯವರು ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಲು ಅವಸರಪಡುತ್ತಾರೆ ಮತ್ತು ಗಮನಿಸಬೇಕಾದ ಬೇರೆ ಎರಡು ಸಂಗತಿಗಳನ್ನು, ಅಂದರೆ ಇರುಳಿನ ಉದ್ದವನ್ನೂ ಗಾಳಿಯ ಒಣಗುವಿಕೆಯನ್ನೂ, ಮರೆತೇಬಿಡುತ್ತಾರೆ.

ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್ ಮೂರನೆಯ ವಾರದ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್ ಮೂರನೆಯ ವಾರದ್ದು 13 ಗಂಟೆಗೆ ತುಸು ಕಡಿಮೆ. ಒಂದೂವರೆ ಗಂಟೆಯ ಈ ವ್ಯತ್ಯಾಸ ಮನುಷ್ಯರ ಗಮನಕ್ಕೆ ಅಷ್ಟಾಗಿ ಬಾರದಿದ್ದರೂ ಗಿಡಗಳು ಅದನ್ನು ನಿಖರವಾಗಿ ಎಣಿಸುತ್ತವೆ. ಹಗಲಿರುಳುಗಳ ಅಳತೆಗೆ ತಕ್ಕಂತೆ ಹೂಬಿಡುವ ಈ ಗುಣಕ್ಕೆ ಸಸ್ಯವಿಜ್ಞಾನದಲ್ಲಿ ಫೋಟೊಪೀರಿಯಡಿಸಂ ಎಂಬ ಹೆಸರಿದೆ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂಬಿಡದಿದ್ದ ಒಂದು ತಂಬಾಕಿನ ತಳಿಯನ್ನು ಪರೀಕ್ಷಿಸಿ, ಹಗಲನ್ನು ಕೃತಕವಾಗಿ ಮೊಟಕುಗೊಳಿಸಿದರೆ ಅದೂ ಹೂಬಿಡುತ್ತದೆಂದು 1920ರಲ್ಲಿ ತೋರಿಸಿಕೊಟ್ಟರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ನಡುವೆ ಬೆಳಕಿನಿಂದ ಮುರಿಯದ ಕತ್ತಲೆಯನ್ನು ಎಂಬುದು ಆಮೇಲಿನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಇರುಳು ನಿರ್ದಿಷ್ಟ ಮಿತಿಯನ್ನು ಮೀರಿ ಉದ್ದವಾದಾಗ ಮಾತ್ರ ಹೂಬಿಡುವ ಗಿಡಗಳನ್ನು ಅಲ್ಪ ಹಗಲಿನ ಸಸ್ಯಗಳೆಂದು ಕರೆಯುವುದು ವಾಡಿಕೆ.

ಇದಕ್ಕೆ ಈ ನಾಡಿನ ಅವರೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ಮುಖ್ಯ ಬೆಳೆಯ ನಡುನಡುವೆ ಬಿಡಿಸಾಲುಗಳಾಗಿ, ಮುಂಗಾರಿನಲ್ಲೇ ಬಿತ್ತಿದ ನಾಟಿ ಅವರೆ ತಿಂಗಳುಗಟ್ಟಲೆ ಬಳ್ಳಿಯನ್ನಷ್ಟೇ ಚಾಚಿಕೊಂಡಿದ್ದು, ಇರುಳು ಉದ್ದವಾಗತೊಡಗಿದ ಮೇಲೆ ಹೂವಿನ ಕದಿರನ್ನು ಹೊರಡಿಸಿ, ಮಾರ್ಗಶಿರ ಪುಷ್ಯಗಳ ಹೊತ್ತಿಗೆ ಕಾಯಿ ತುಂಬಿಕೊಳ್ಳುತ್ತದೆ. ಅದೇ ಬೀಜವನ್ನು ಯುಗಾದಿಯ ಸುಮಾರಿಗೆ ಹಿತ್ತಲಿನಲ್ಲಿ ಊರಿದವರಿಗೆ ಚಪ್ಪರ ತುಂಬ ಎಲೆಯಲ್ಲದೆ ಮಳೆಗಾಲ ಕಳೆಯುವವರೆಗೆ ಒಂದು ಕಾಯಿಯೂ ದಕ್ಕದಿರುವುದಕ್ಕೆ ಗೊಬ್ಬರದ ಕೊರತೆಯಾಗಲಿ ದೃಷ್ಟಿದೋಷವಾಗಲಿ ಕಾರಣವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳು ಇರುಳಿನ ಅಳತೆಗೆ ಕಾಯದೆ ಯಾವ ಕಾಲದಲ್ಲಾದರೂ ಕಾಯಿಬಿಡುವಂತೆ ರೂಪಿಸಿದವು. ಗಿಡ್ಡಗೆ ಬೆಳೆಯುವುದರಿಂದ ತಾರಸಿಯ ಕುಂಡಗಳಿಗೂ ಅನುಕೂಲ. ಆದರೆ ಸೊಗಡಿನ ವಿಷಯದಲ್ಲಿ ನಾಟಿ ಅವರೆಯ ಪಕ್ಕದಲ್ಲಿ ಅವು ಸಪ್ಪೆಯೆಂದು ಹೇಳದೆ ವಿಧಿಯಿಲ್ಲ. ಕಾಯಿಯ ಸಿಪ್ಪೆಯ ಮೇಲೆ ಒಸರುವ ಅಂಟಾದ ಎಣ್ಣೆಯೇ ಆ ಸೊಗಡಿನ ಮೂಲ. ಒಂದು ಬೊಗಸೆ ಕಾಯಿ ಸುಲಿದ ಬೆರಳುಗಳಿಂದ ಅದರ ವಾಸನೆ ಸೋಪಿಗೂ ಬೇಗ ಬಿಡುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆಂಬ ನಂಬಿಕೆಯೂ ರೈತರಲ್ಲಿದ್ದು, ಮಾರುಕಟ್ಟೆಯಲ್ಲಿ ಕಾಯನ್ನು ಮೂಸಿಯೇ ಕೊಳ್ಳುವವರು ಇಂದಿಗೂ ಕಡಿಮೆಯೇನಲ್ಲ.

ಅವರೆಯ ಕುಡಿಗಳಿಗೆ ಮಾಗಿಯಲ್ಲಿ ಮುತ್ತುವ ಕರಿಯ ಗಿಡಹೇನನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಎಳೆಯ ಕದಿರಿನ ತೊಟ್ಟಿಗೆ ಒತ್ತೊತ್ತಾಗಿ ಅಂಟಿಕೊಂಡು ರಸ ಹೀರುವ ಈ ಕೀಟಗಳು ಸಿಹಿಯಾದ ದ್ರವವನ್ನು ವಿಸರ್ಜಿಸುವುದರಿಂದ, ಅದನ್ನು ಬಯಸಿದ ಇರುವೆಗಳು ಬಳ್ಳಿಯ ಉದ್ದಕ್ಕೂ ಸಾಲುಗಟ್ಟಿ ಓಡಾಡುತ್ತ ಹೇನನ್ನು ಶತ್ರುಗಳಿಂದ ಕಾಯುತ್ತವೆ. ಬೆಳಗಿನ ಇಬ್ಬನಿ ಆರುವ ಮುನ್ನ ಜರಡಿ ಹಿಡಿದ ಒಲೆಬೂದಿಯನ್ನು ಉದುರಿಸುವ ಹಳೆಯ ಪದ್ಧತಿಯಲ್ಲಿ ಅರ್ಥವಿದೆ, ಏಕೆಂದರೆ ತೇವ ಇದ್ದಾಗಲೇ ಬೂದಿ ಅಂಟಿಕೊಳ್ಳುವುದು. ಆದರೆ ಬೂದಿ ಎರಚುವ ಮುನ್ನ ಆ ಗುಂಪಿನ ನಡುವೆ ಕಪ್ಪು ಮೈಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳುಳ್ಳ, ಮೊಸಳೆಮರಿಯಂತೆ ಕಾಣುವ ಸಣ್ಣ ಹುಳು ತೆವಳುತ್ತಿದೆಯೇ ಎಂದು ನೋಡಬೇಕು. ಅದು ಗುಲಗಂಜಿ ಹುಳುವಿನ ಮರಿ. ಹೇನೇ ಅದರ ಆಹಾರ. ರೂಪಕ್ಕೆ ಹೆದರಿ ಅದನ್ನೇ ಮೊದಲು ಹೊಸಕಿಹಾಕುವ ಮನೆಗಳು ಹೆಚ್ಚು.

ಸೇವಂತಿಗೆಯೂ ಅಲ್ಪ ಹಗಲಿನ ಗಿಡವೇ ಆಗಿದ್ದು, ಅದರ ಬೆಳೆಗಾರರು ಈ ಗುಣವನ್ನು ಬುದ್ಧಿವಂತಿಕೆಯಿಂದ ಬಳಸಿಕೊಳ್ಳುತ್ತಾರೆ. ಇರುಳಿನಲ್ಲಿ ಕೆಲವು ಗಂಟೆ ಬಲ್ಬು ಉರಿಸಿ ಕತ್ತಲೆಯನ್ನು ತುಂಡರಿಸಿದರೆ ಮೊಗ್ಗು ಮುಂದಕ್ಕೆ ಹೋಗುತ್ತದೆ, ದರ ಬರುವ ದಿನಕ್ಕೆ ಹೂವನ್ನು ಹೊಂದಿಸಬಹುದು. ಮನೆಯಂಗಳದಲ್ಲಿ ಇದೇ ನಿಯಮ ತಿರುಗಿ ಬೀಳುತ್ತದೆ. ಬೀದಿದೀಪದ ನೇರ ಬೆಳಕಿಗೆ ಅಥವಾ ರಾತ್ರಿಯಿಡೀ ಉರಿಯುವ ವರಾಂಡದ ದೀಪಕ್ಕೆ ಒಡ್ಡಿದ ಸೇವಂತಿಗೆ ಸೊಂಪಾಗಿ ಬೆಳೆದರೂ ಮೊಗ್ಗು ಹಿಡಿಯಲು ತಡಮಾಡುತ್ತದೆ ಮತ್ತು ಕೆಲವೊಮ್ಮೆ ದೀಪದ ಕಡೆಯ ಅರ್ಧ ಹಸಿರಾಗಿಯೂ ಗೋಡೆಯ ಕಡೆಯ ಅರ್ಧ ಹೂವಾಗಿಯೂ ಇರುವ ವಿಚಿತ್ರ ಕಾಣಸಿಗುತ್ತದೆ. ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸುವುದಕ್ಕಿಂತ ಅಗ್ಗವಾದ ಮದ್ದು ಇದಕ್ಕಿಲ್ಲ.

ಸೊಪ್ಪುಗಳಿಗೆ ಮಾಗಿ ಸಲ್ಲುವುದು ಬೇರೆಯ ಕಾರಣಕ್ಕೆ. ಕೊತ್ತಂಬರಿ, ಸಬ್ಬಸಿಗೆಗಳು ಬಿಸಿಲಿಗೂ ಉದ್ದ ಹಗಲಿಗೂ ಬೇಗ ಹೂದಂಟು ಎತ್ತಿ ಎಲೆಯನ್ನು ಕುಗ್ಗಿಸಿಕೊಳ್ಳುವುದರಿಂದ, ನವೆಂಬರಿನಿಂದ ಜನವರಿಯವರೆಗಿನ ಬಿತ್ತನೆಯಲ್ಲೇ ಅವು ನಿಧಾನವಾಗಿ ದಟ್ಟ ಎಲೆ ಕೊಡುತ್ತವೆ. ಕೊತ್ತಂಬರಿ ಬೀಜವೆಂದು ಅಡುಗೆಮನೆಯ ಡಬ್ಬಿಯಲ್ಲಿರುವುದು ವಾಸ್ತವದಲ್ಲಿ ಒಂದು ಒಣ ಕಾಯಿ. ಅದರೊಳಗೆ ಎರಡು ಬೀಜಗಳಿರುತ್ತವೆ. ಅದನ್ನು ಮಣೆಯ ಮೇಲೆ ಮೆಲ್ಲಗೆ ಉಜ್ಜಿ ಎರಡಾಗಿ ಸೀಳಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಒಂದೇ ಸಮನಾಗಿ ಬರುತ್ತದೆ. ಮೂಲಂಗಿ, ನವಿಲುಕೋಸು, ಗಜ್ಜರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವು ಈ ಹವೆಯಲ್ಲಿ ತಾವಾಗಿಯೇ ಬರುವಂಥವು.

ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಮರುದಿನ ನಗರದ ಮನೆಗಳಿಗೆ ಸೇರುವ ಪೆಟೂನಿಯ, ಸಾಲ್ವಿಯ ಕುಂಡಗಳ ಗತಿಯೂ ಈ ಲೆಕ್ಕಕ್ಕೆ ಸೇರಿದ್ದು. ಅವು ಏಕವಾರ್ಷಿಕಗಳು, ಅಂದರೆ ಒಂದೇ ಋತುವಿನಲ್ಲಿ ಮೊಳೆತು ಹೂಬಿಟ್ಟು ಮುಗಿಯುವ ಗಿಡಗಳು. ಅಕ್ಟೋಬರಿನ ಸುಮಾರಿಗೆ ಬಿತ್ತಿ ಬೆಳೆಸಿದ ಗಿಡ ಜನವರಿ ಕೊನೆಗೆ ತನ್ನ ಆಯುಷ್ಯದ ಬಹುಭಾಗವನ್ನು ಕಳೆದಿರುತ್ತದೆ. ಅಂಥದ್ದನ್ನು ಮೈತುಂಬ ಹೂವಿರುವಾಗ ಕೊಂಡು, ಫೆಬ್ರವರಿಯಲ್ಲಿ ಅದು ಒಣಗಿದ್ದಕ್ಕೆ ಕೊಂಡವರು ತಮ್ಮ ಕೈಗುಣವನ್ನು ಹಳಿದುಕೊಳ್ಳುವುದು ಅನಗತ್ಯ. ಪ್ರದರ್ಶನದಿಂದ ಬೀಜದ ಪೊಟ್ಟಣವನ್ನೋ ಗುಲಾಬಿಯ ಕಸಿಗಿಡವನ್ನೋ ತರುವುದು ಜಾಣತನ.

ಇನ್ನು ಒಣಹವೆ. ಜನವರಿ ಫೆಬ್ರವರಿಗಳು ಬೆಂಗಳೂರಿನಲ್ಲಿ ವರ್ಷದ ಅತಿ ಕಡಿಮೆ ಮಳೆಯ ತಿಂಗಳುಗಳು. ಚಳಿಯಿದೆಯೆಂದು ನೀರನ್ನು ಮರೆತವರ ತೋಟದಲ್ಲಿ ಮೇಲ್ಮಣ್ಣು ಸಂಕ್ರಾಂತಿಗೇ ಹುಡಿಯಾಗುತ್ತದೆ. ಕರಿಬೇವು ಮಾತ್ರ ಇದಕ್ಕೆ ಅಪವಾದ, ಏಕೆಂದರೆ ತಂಪಿನಲ್ಲಿ ಅದರ ಚಿಗುರು ಬಹುತೇಕ ನಿಂತುಹೋಗಿರುತ್ತದೆ. ಎಲೆ ಹಳದಿಯಾಯಿತೆಂದು ಕುಂಡಕ್ಕೆ ದಿನವೂ ನೀರು ಸುರಿದರೆ ಬೇರು ಕೊಳೆಯುತ್ತದೆ. ಗುಲಾಬಿ, ಬಟಾಣಿ, ಕುಂಬಳದ ಎಲೆಗಳ ಮೇಲೆ ಈ ಕಾಲದಲ್ಲಿ ಬಿಳಿಯ ಹುಡಿಯಂತೆ ಹರಡುವ ಬೂದಿರೋಗ ಒಂದು ಶಿಲೀಂಧ್ರದ ಕೆಲಸ; ಬಹುತೇಕ ಶಿಲೀಂಧ್ರಗಳ ಹಾಗಲ್ಲದೆ ಇದು ನೀರಿನ ಹನಿಯನ್ನು ಬೇಡದೆ ಒಣ ಹಗಲು, ತಂಪಾದ ಇರುಳುಗಳಲ್ಲೇ ಹಬ್ಬುತ್ತದೆ, ಆದ್ದರಿಂದ ಬೆಳಗ್ಗೆ ಎಲೆಗಳಿಗೆ ನೀರು ಚಿಮುಕಿಸುವುದರಿಂದ ಅದಕ್ಕೆ ತಡೆಯೇ ಆಗುತ್ತದೆ. ಬುಡದ ತೇವವನ್ನು ಹಿಡಿದಿಡಲು ಹೊದಿಕೆ, ಅಂದರೆ ಮಣ್ಣಿನ ಮೇಲೆ ಹಾಸುವ ತರಗೆಲೆಯ ಪದರ, ಎಲ್ಲಕ್ಕಿಂತ ಉತ್ತಮ. ಹೊಂಗೆ ಮರಗಳು ಎಲೆ ಉದುರಿಸುವುದು ಇದೇ ಹೊತ್ತಿಗೆ. ದ್ವಿದಳ ಜಾತಿಯ ಮರವಾದ್ದರಿಂದ ಅದರ ಎಲೆಯಲ್ಲಿ ಸಾರಜನಕ ಹೆಚ್ಚು, ಹಸಿರೆಲೆ ಗೊಬ್ಬರವಾಗಿ ಗದ್ದೆಗೆ ಹಾಕುವ ರೂಢಿಯೂ ಹಿಂದಿನದು. ಅದನ್ನು ಬೀದಿಯ ಮೂಲೆಯಲ್ಲಿ ರಾಶಿ ಹಾಕಿ ಸುಟ್ಟು, ಅದೇ ಬೀದಿಯವರು ನರ್ಸರಿಯಿಂದ ಚೀಲದ ಗೊಬ್ಬರ ಹೊತ್ತು ತರುವುದನ್ನು ಏನೆನ್ನಬೇಕೋ ತಿಳಿಯದು.

ವಸಂತದ ಮಲ್ಲಿಗೆಯ ನಿರ್ಧಾರವೂ ಮಾಗಿಯಲ್ಲೇ ಆಗುತ್ತದೆ. ಮಲ್ಲಿಗೆ ಹೊಸ ಚಿಗುರಿನಲ್ಲೇ ಮೊಗ್ಗು ಹಿಡಿಯುವುದರಿಂದ, ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಿಂದ, ಸೂಜಿಮಲ್ಲಿಗೆಯನ್ನು ಜನವರಿ ಕೊನೆಯಲ್ಲಿ, ಕೆಲವು ದಿನ ನೀರು ನಿಲ್ಲಿಸಿದ ಬಳಿಕ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರಬೇಕು. ಮನೆಯ ಹೆಂಗಸರು ಹಸಿರು ಬಳ್ಳಿಗೆ ಕತ್ತರಿ ಹಾಕಲು ಅಳುಕುವುದು ಸಹಜವೇ ಆದರೂ, ಸವರದ ಬಳ್ಳಿಯಲ್ಲಿ ತುದಿಗೊಂದು ಹೂ, ಸವರಿದ್ದರಲ್ಲಿ ಗೊಂಚಲು ಎಂಬುದು ಮಾರ್ಚ್ ತಿಂಗಳಿಗೆ ಕಣ್ಣಿಗೇ ಕಾಣುತ್ತದೆ. ಉಳಿದ ಮಲ್ಲಿಗೆಗಳು ವಿಶ್ರಮಿಸುವ ಈ ತಿಂಗಳುಗಳಲ್ಲಿ ಮುಡಿಗೆ ಕಾಕಡವಿರುತ್ತದೆ. ಪರಿಮಳ ಅದರದ್ದು ಇಲ್ಲವೆನ್ನುವಷ್ಟು ಕಡಿಮೆ.

ಸಂಕ್ರಾಂತಿಯ ನಂತರ ಸೋರೆ, ಹೀರೆ, ಕುಂಬಳ, ಸೌತೆಗಳ ಬಿತ್ತನೆಗೆ ಕೈಹಚ್ಚಬೇಕು, ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿಹೋಗಲಿ ಎಂದು ಕಾಯುವುದು ತಡವಾದೀತು. ಈ ಬಳ್ಳಿಗಳಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆಬೇರೆಯಾಗಿದ್ದು, ಹಗಲು ಚಿಕ್ಕದಾಗಿ ಇರುಳು ತಂಪಾಗಿರುವಾಗ ಹೆಣ್ಣುಹೂವಿನ ಪ್ರಮಾಣ ಹೆಚ್ಚುತ್ತದೆ, ಕಡುಬಿಸಿಲಿನಲ್ಲಿ ಗಂಡುಹೂವೇ ಹೆಚ್ಚುತ್ತದೆ. ಮೊದಲ ಕೆಲವು ಹೂಗಳೆಲ್ಲ ಗಂಡೇ ಆಗಿ ಉದುರುವುದು ಬಳ್ಳಿಯ ಸ್ವಭಾವ, ರೋಗವಲ್ಲ. ಎಸಳಿನ ಕೆಳಗೆ ಬೆರಳ ತುದಿಯಷ್ಟು ದೊಡ್ಡ, ನವಿರು ರೋಮದ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣುಹೂ. ದುಂಬಿ, ಜೇನುಗಳು ಬಾರದ ಮೂರನೆಯ ಮಹಡಿಯ ತಾರಸಿಯಲ್ಲಿ ಗಂಡುಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಸವರಿಬಿಡುವುದೇ ದಾರಿ. ಕುಂಬಳ, ಸೌತೆಗಳಿಗೆ ಈ ಕೆಲಸ ಬೆಳಗಿನ ಹೊತ್ತು ಆಗಬೇಕು. ಸೋರೆಯ ಬಿಳಿಹೂವೂ ಹೀರೆಯ ಹಳದಿಹೂವೂ ಅರಳುವುದು ಸಂಜೆಗಾದ್ದರಿಂದ, ಅವುಗಳ ಪಾಲಿಗೆ ಬೆಳಗಿನ ಶ್ರಮ ವ್ಯರ್ಥ. ಕಚೇರಿಯಿಂದ ಮರಳಿದ ಮೇಲೆ ಮಾಡಿದರೂ ಕಾಯಿ ಕಟ್ಟುತ್ತದೆ.