ನಿಮಿಷಕ್ಕೆ ಲಕ್ಷ ಟಿಕೀಟು

ರೈಲ್ವೆಯ ಮುಂಗಡ ಟಿಕೀಟಿನ ಗಣಕವ್ಯವಸ್ಥೆಯ ನವೀಕರಣವನ್ನು ಕುರಿತ ಸ್ತುತಿಯೆಲ್ಲವೂ ಒಂದೇ ಸಂಖ್ಯೆಗೆ ಪ್ರದಕ್ಷಿಣೆ ಹಾಕುತ್ತಿದೆ: ನಿಮಿಷಕ್ಕೆ 25,000 ಟಿಕೀಟು ಕೊಡುತ್ತಿದ್ದ ವ್ಯವಸ್ಥೆ ಇನ್ನು ಲಕ್ಷಕ್ಕೂ ಮಿಗಿಲಾಗಿ ಕೊಡುವುದೆಂದು 2025ರಲ್ಲಿ ರೈಲ್ವೆ ಸಚಿವರು ಸಾರಿದರು. ಯಂತ್ರಗಳಿಗೆ ಮುಪ್ಪಡರಿರುವುದು ನಿಜ. 2010ರಿಂದ ಈ ಭಾರವನ್ನು ಹೊತ್ತಿರುವ ಸರ್ವರುಗಳ ಇಟೇನಿಯಮ್ ಚಿಪ್ಪನ್ನು ಇಂಟೆಲ್ ಕಂಪನಿ 2021ರಲ್ಲಿಯೇ ನಿಲ್ಲಿಸಿಬಿಟ್ಟಿತು. ಅವನ್ನು ಬದಲಿಸಲಿ, ತಕರಾರಿಲ್ಲ. ಯಂತ್ರದ ವಾರ್ಧಕ್ಯವನ್ನು ಒಳಗಿನ ತಂತ್ರಾಂಶಕ್ಕೂ ಆರೋಪಿಸುವ ಪಂಡಿತರೊಡನೆಯೇ ನನ್ನ ಜಗಳ.

1994ರಲ್ಲಿ ಸಿಕಂದರಾಬಾದಿನಲ್ಲಿ ಬಳಕೆಗೆ ಬಂದ ‘ಕಾನ್ಸರ್ಟ್’ ತಂತ್ರಾಂಶವು ಫೋರ್ಟ್ರಾನ್ ಮತ್ತು ಸಿ ಭಾಷೆಗಳಲ್ಲಿ ರಚಿತವಾದುದೆಂಬ ಒಂದೇ ಕಾರಣಕ್ಕೆ ಅದನ್ನು ಜರೆಯುವವರು, ಅದರ ಕಾರ್ಯಕೌಶಲವನ್ನು ಸೊಲ್ಲಾಪುರದ ನಿಲ್ದಾಣದಲ್ಲಿ ನಿಂತು ಪರಾಂಬರಿಸಬೇಕು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಗಾಡಿಯ ಒಂದು ಬರ್ತು ಅದರ ಲೆಕ್ಕದಲ್ಲಿ ಅಖಂಡವಲ್ಲ. ನಿಲ್ದಾಣದಿಂದ ನಿಲ್ದಾಣಕ್ಕೆ ತುಂಡರಿಸಿ ಹಂಚಬಹುದಾದುದು. ಪುಣೆಯಲ್ಲಿ ಹತ್ತಿದವನು ಸೊಲ್ಲಾಪುರದಲ್ಲಿ ಇಳಿದನೆಂದರೆ ಅದೇ ಬರ್ತು ಅಲ್ಲಿ ಹತ್ತುವಾಕೆಗೆ ದಕ್ಕಬಹುದು. ದಕ್ಕುವುದೋ ಇಲ್ಲವೋ ಎಂಬುದು ಆಕೆ ಯಾವ ಕೋಟಾದಲ್ಲಿ ನಿಂತಿರುವಳೆಂಬುದನ್ನು ಅವಲಂಬಿಸಿದೆ. ಸಾಮಾನ್ಯವೋ, ಪೂಲ್ಡ್ ಕೋಟಾವೋ, ರಿಮೋಟ್ ಲೊಕೇಶನ್ನೋ? ಮಧ್ಯದ ನಿಲ್ದಾಣಗಳಿಗೆ ಮೀಸಲಾದ ಈ ಕೊನೆಯ ಕೋಟಾದ ಕಾಯುವ ಪಟ್ಟಿಯ ಹತ್ತನೆಯವನು ಬಾಗಿಲ ಬಳಿ ನಿಂತೇ ಪಯಣಿಸುವಾಗ, ಸಾಮಾನ್ಯ ಪಟ್ಟಿಯ ಮೂವತ್ತನೆಯವನು ಕಾಲು ಚಾಚಿ ಮಲಗಿರುವುದುಂಟು. ಅನ್ಯಾಯವೆನ್ನಿ, ಆದರೆ ಅರಾಜಕತೆಯೆನ್ನಬೇಡಿ: ಗಾಡಿಯ ಆದ್ಯಂತ ಬರ್ತು ಬರಿದಾಗದಂತೆ ನೋಡಿಕೊಳ್ಳುವ ತರ್ಕವೊಂದು ಅದರ ಹಿಂದಿದೆ. ದಶಕಗಳ ಆದೇಶ, ಅಪವಾದ, ತಿದ್ದುಪಡಿಗಳೆಲ್ಲ ಈ ತರ್ಕದಲ್ಲಿ ಸಂಚಿತವಾಗಿವೆ. ತಂತ್ರಾಂಶವನ್ನು ಹೊಸದಾಗಿ ಬರೆಯುವಾಗ ಅವುಗಳಲ್ಲೊಂದು ಜಾರಿಹೋದರೆ ಗಾಡಿ ಹೊರಡುವ ಮಹಾನಗರದವರಿಗೆ ತಿಳಿಯುವುದೂ ಇಲ್ಲ. ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಅಕ್ಕಲಕೋಟೆ ರೋಡಿನಲ್ಲಿ ಗಾಡಿ ಕಾಯುವ ಕಲಬುರಗಿಯ ಮುದುಕಿಗೆ ತಿಳಿಯುತ್ತದೆ.

ಬೆಳಗಿನ 8 ಗಂಟೆಗೆ ಮುಂಗಡ ಮಾರಾಟ ತೆರೆದೊಡನೆ ನುಗ್ಗುವ ಜನಸಂದಣಿಯನ್ನು ಹೊಸ ಯಂತ್ರ ನಿಸ್ಸಂದೇಹವಾಗಿ ಸುಲಭದಲ್ಲಿ ತಾಳಿಕೊಂಡೀತು. ಅಷ್ಟರಮಟ್ಟಿಗೆ ಅದಕ್ಕೆ ಶ್ಲಾಘನೆ ಸಲ್ಲಬೇಕು. ಆದರೆ ಛತ್ರದ ಬಾಗಿಲನ್ನು ಅಗಲಿಸಿದ ಮಾತ್ರಕ್ಕೆ ಕೋಣೆಗಳೇನೂ ಹೆಚ್ಚುವುದಿಲ್ಲ. ಲಕ್ಷವೆಂಬುದು ಯಂತ್ರದ ಸಾಮರ್ಥ್ಯವೇ ಹೊರತು ಪ್ರಯಾಣಿಕನ ಲಾಭವಲ್ಲ. ಈ ಭೇದವನ್ನರಿಯದ ಪ್ರಶಂಸೆಯನ್ನು ವಿಮರ್ಶೆಯೆಂದು ನಾನು ಒಪ್ಪಲಾರೆ.

ರೈಲ್ವೆಯವರಲ್ಲಿ ನನ್ನ ಬಿನ್ನಹವಿಷ್ಟೆ: ಹಳೆಯದನ್ನು ಕಳಚುವ ಮುನ್ನ ಅದೇ ದಿನದ ಅದೇ ಬೇಡಿಕೆಗಳನ್ನು ಎರಡೂ ವ್ಯವಸ್ಥೆಗಳಿಗೆ ಉಣಿಸಿ, ಅಕ್ಕಲಕೋಟೆ ರೋಡಿನಂಥ ಸಣ್ಣ ನಿಲ್ದಾಣಗಳಿಗೆ ಯಾವುದರಲ್ಲಿ ಎಷ್ಟು ಬರ್ತು ಬಂದಿತೆಂಬ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಿರಿ.