ಅಂಗೈಯಲ್ಲಿ ಚನ್ನಂಗಿ ಕಾಳು

ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಒಬ್ಬ ಹಿರಿಯರಿದ್ದಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಕಾಟನ್ ಮಿಲ್ಲಿನಲ್ಲಿ ನೂಲು ತೆಗೆದವರು. ಹೋದ ವಾರ ಅವರ ಬಲಗಣ್ಣಿಗೆ ಆಪರೇಷನ್ ಆಯಿತು. ಮಾತಾಡಿಸಲು ಹೋದರೆ ಡಿಸ್ಚಾರ್ಜ್ ಚೀಟಿಯನ್ನು ನನ್ನ ಕೈಗಿಟ್ಟು, "ಇದರಾಗೆ ಏನು ಬರೆದಾರೆ, ಕನ್ನಡದಾಗೆ ಹೇಳ್ರಿ" ಎಂದರು. ನಾಲ್ಕೇ ಸಾಲು. ಮೊದಲನೆಯದರಲ್ಲಿ ಕ್ಯಾಟರ್ಯಾಕ್ಟ್, ಎರಡನೆಯದರಲ್ಲಿ ಲೆನ್ಸ್, ಮೂರನೆಯದು ಕಣ್ಣಿಗೆ ಬಿಡುವ ಹನಿಯ ಹೆಸರು. ನಾಲ್ಕನೆಯದಕ್ಕೆ ಆಮೇಲೆ ಬರುತ್ತೇನೆ.

"ಪೊರೆ ಬಂದಿತ್ತು, ತೆಗೆದು ಲೆನ್ಸ್ ಕೂರಿಸಿದ್ದಾರೆ" ಎಂದೆ.

"ಅಷ್ಟು ನನಗೂ ಗೊತ್ತೈತಿ. ಲೆನ್ಸ್ ಅಂದ್ರೆ ಏನು?"

ಇಂಗ್ಲಿಷಿನಿಂದ ಬಂದ ನಾಮಪದಗಳ ಅರ್ಥ ಕೆದಕುವುದು ನನ್ನ ಬಹುಕಾಲದ ಪ್ರೀತಿ. 1991ರಲ್ಲಿ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣ ಶುರುವಾದಾಗ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಒಂದು ಪದದ ಪಕ್ಕ ಇನ್ನೊಂದು ಪದ ಇಟ್ಟರೆ ಅರ್ಥ ಹೇಳಿದಂತಾಯಿತೆಂದು ಮೊದಮೊದಲು ನಾನೂ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಪದ ಹುಟ್ಟುವಾಗ ಯಾರೋ ಏನನ್ನೋ ಕಣ್ಣಾರೆ ಕಂಡಿರುತ್ತಾರೆ. ಅವರು ಕಂಡದ್ದನ್ನು ಕೇಳಿದವರಿಗೂ ಕಾಣಿಸಿದಾಗಲೇ ಅರ್ಥ ದಾಟುವುದು. ಹಾಗಾಗಿ ಮನೆಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಇಡೀ ಚನ್ನಂಗಿ ಕಾಳು ತಂದು, ಅದರಲ್ಲೊಂದನ್ನು ಅವರ ಅಂಗೈ ಮೇಲಿಟ್ಟೆ.

ಕಂದು ಸಿಪ್ಪೆಯ ಕಾಳು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉರುಳಿಸಿದರೆ ತಿಳಿಯುತ್ತದೆ: ಎರಡು ಕಡೆಯೂ ಉಬ್ಬು, ಸುತ್ತಲ ಅಂಚು ತೆಳ್ಳಗೆ. ಲ್ಯಾಟಿನ್ನಿನಲ್ಲಿ ಈ ಕಾಳಿನ ಹೆಸರೇ ಲೆನ್ಸ್. ಗಾಜನ್ನು ಉಜ್ಜಿ ಇದೇ ಆಕಾರಕ್ಕೆ ತಂದವರು ಅದಕ್ಕೂ ಕಾಳಿನ ಹೆಸರನ್ನೇ ಇಟ್ಟರು. ಸಸ್ಯಶಾಸ್ತ್ರಜ್ಞರು ಇಂದಿಗೂ ಚನ್ನಂಗಿಯನ್ನು ಲೆನ್ಸ್ ಕುಲಿನಾರಿಸ್ ಎಂದೇ ಕರೆಯುತ್ತಾರೆ. ಕನ್ನಡದ ಪಠ್ಯಪುಸ್ತಕದಲ್ಲಿ ಲೆನ್ಸಿಗೆ ಮಸೂರ. ಮಸೂರ ಎಂದರೂ ಚನ್ನಂಗಿಯೇ! ಈ ಪದ ಆರಿಸಿದವರು ಲ್ಯಾಟಿನ್ನಿನವರು ಕಂಡದ್ದನ್ನೇ ಕಂಡಿದ್ದರು. ಆದರೆ ನಾವು ಶಾಲೆಯಲ್ಲಿ 'ಪೀನ ಮಸೂರ, ನಿಮ್ನ ಮಸೂರ' ಎಂದು ಉರು ಹೊಡೆದೆವೇ ಹೊರತು ಒಂದು ಕಾಳನ್ನು ಯಾರೂ ಕೈಗೆ ಕೊಡಲಿಲ್ಲ. ಕೊಟ್ಟಿದ್ದರೆ ಅದನ್ನು ಒಡೆದೂ ನೋಡುತ್ತಿದ್ದೆವು. ಇಡೀ ಕಾಳಿಗೆ ಎರಡೂ ಕಡೆ ಉಬ್ಬು. ಒಡೆದ ಬೇಳೆಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು. ಪೀನ ಮಸೂರದ ಎರಡು ಬಗೆಗಳು ಸಾರಿನ ಪಾತ್ರೆಯಲ್ಲೇ ಇದ್ದವು.

ಹಿರಿಯರು ಕಾಳನ್ನು ಬೆಳಕಿಗೆ ಹಿಡಿದು, "ಇಂಥದು ನನ್ನ ಕಣ್ಣಾಗಿತ್ತೇನು?" ಎಂದರು. ಇತ್ತು, ಹುಟ್ಟಿದಾಗಿನಿಂದ ಇತ್ತು, ತಿಳಿಯಾಗಿತ್ತು. ವಯಸ್ಸಾದಂತೆ ಮಂಜಾಯಿತು. ಅದಕ್ಕೆ ಯುರೋಪಿನವರಿಟ್ಟ ಹೆಸರು ಕ್ಯಾಟರ್ಯಾಕ್ಟ್, ಅಂದರೆ ಜಲಪಾತ. ತಲೆಯಿಂದ ಯಾವುದೋ ದ್ರವ ಕಣ್ಣಿಗೆ ಇಳಿದು, ನೋಟದ ದಾರಿಯಲ್ಲಿ ಹೆಪ್ಪುಗಟ್ಟುತ್ತದೆಂದು ಹಳೆಯ ವೈದ್ಯರು ತಿಳಿದಿದ್ದರು. 1705ರಲ್ಲಿ ಬ್ರಿಸೋ ಎಂಬ ಫ್ರೆಂಚ್ ವೈದ್ಯ ಸತ್ತವರ ಕಣ್ಣನ್ನು ಕೊಯ್ದು ನೋಡಿ, ಇಳಿದು ಬಂದದ್ದು ಏನೂ ಇಲ್ಲ, ಮಂಜಾಗಿರುವುದು ಮಸೂರವೇ ಎಂದು ತೋರಿಸಿದ. ತಿಳಿವಳಿಕೆ ಬದಲಾಯಿತು, ಜಲಪಾತ ಉಳಿದುಕೊಂಡಿತು.

ನಮ್ಮ 'ಪೊರೆ' ಹುಟ್ಟಿದ್ದು ಹಾವಿನ ಪೊರೆ, ಈರುಳ್ಳಿ ಪೊರೆ ನೋಡಿದ ಕಣ್ಣಿನಿಂದ. ಅದೂ ಪೂರ್ತಿ ಸರಿಯಲ್ಲ. ಪೊರೆ ತೆಗೆದರು ಎಂದಾಗ ಮೇಲಿನ ಪದರವೊಂದನ್ನು ಸುಲಿದಂತೆ ಕೇಳಿಸುತ್ತದೆ. ತೆಗೆಯುವುದು ಮಂಜಾದ ಮಸೂರದ ತಿರುಳನ್ನು. ಅದು ಕೂತಿದ್ದ ತೆಳುವಾದ ಚೀಲವನ್ನು ಉಳಿಸಿಕೊಂಡು ಅದರೊಳಗೆ ಹೊಸದನ್ನು ಇಡುತ್ತಾರೆ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಕೂರಿಸಿದರು. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಕಂಡಿದ್ದರು. ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ಆ ಚೀಲದ ಹಿಂಬದಿ ಮಂಜಾಗುತ್ತದೆ, ಲೇಸರ್‌ನಿಂದ ಅಲ್ಲೊಂದು ಕಿಂಡಿ ತೆರೆಯುತ್ತಾರೆ. ಅಲ್ಲಿ ಮಾತ್ರ ನಮ್ಮ ಪೊರೆ ಎಂಬ ಮಾತು ಅಕ್ಷರಶಃ ನಿಜ.

ಹೀಗೆ ಕಾಳು ಹಿಡಿದು ನೋಡುವ ಅಭ್ಯಾಸವಾದ ಮೇಲೆ ಕೆಲವು ಪದಗಳು ಕೈಯಲ್ಲಿ ನಿಲ್ಲುವುದಿಲ್ಲ. ಆಮ್ಲಜನಕ ಅಂಥದ್ದು. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಈ ಅನಿಲವೇ ಎಂದು ನಂಬಿ ಫ್ರಾನ್ಸಿನ ಲವಾಸಿಯೆ 1777ರಲ್ಲಿ ಗ್ರೀಕ್ ಪದಗಳಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದ. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತುವೆಂದು ತೋರಿಸಿದಾಗ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂಬುದು ಬಯಲಾಯಿತು. ಆಮ್ಲಕ್ಕೆ ಹುಳಿ ಕೊಡುವುದು ಹೈಡ್ರೋಜನ್. ಆಮ್ಲಜನಕ ಎಂಬ ಹೆಸರು ನಿಜವಾಗಿ ಜಲಜನಕಕ್ಕೆ ಸಲ್ಲಬೇಕಿತ್ತು. ಜರ್ಮನ್ನರೂ ಆಕ್ಸಿಜನ್ನನ್ನು ಹುಳಿಯ ವಸ್ತು ಎಂದೇ ಕರೆಯುತ್ತಾರೆ. ನಾವು ಪದವನ್ನು ಅನುವಾದಿಸಿದೆವು, ಒಳಗಿದ್ದ ತಪ್ಪೂ ಅನುವಾದವಾಯಿತು. ಈಗ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಇಂಗ್ಲಿಷೂ ಬದಲಿಸಿಲ್ಲ. ಆದರೆ ಪಾಠ ಮಾಡುವವರು ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು ಅನ್ನಿಸುತ್ತದೆ.

ಅದರ ಪಕ್ಕದಲ್ಲೇ ಸಾರಜನಕ ಇದೆ, ನಾನು ತುಂಬ ಮೆಚ್ಚುವ ಪದ. ಅದೇ ಲವಾಸಿಯೆ ನೈಟ್ರೋಜನ್ನಿಗೆ ಇಟ್ಟ ಹೆಸರು ಅಜೋಟ್, ಜೀವವಿಲ್ಲದ್ದು. ಆ ಗಾಳಿಯಲ್ಲಿ ಪ್ರಾಣಿ ಬದುಕಲಿಲ್ಲವಲ್ಲ! ಫ್ರೆಂಚರು ಇಂದಿಗೂ ಹಾಗೇ ಅನ್ನುತ್ತಾರೆ. ನೈಟ್ರೋಜನ್ ಎಂದರೆ ಪೆಟ್ಲುಪ್ಪನ್ನು ಹುಟ್ಟಿಸುವಂಥದ್ದು. ಕನ್ನಡ ಎರಡನ್ನೂ ಬಿಟ್ಟು ಹೊಲದ ಕಡೆ ನೋಡಿತು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಸುತ್ತಿನ ರೈತನಿಗೆ 'ಹೊಲದಾಗೆ ಸಾರ ಇಲ್ಲ' ಎಂದರೆ ಏನೆಂದು ವಿವರಿಸಬೇಕಿಲ್ಲ. ಅವನು ಹೊತ್ತು ತರುವ ಯೂರಿಯಾ ಚೀಲದಲ್ಲಿ ನೂರಕ್ಕೆ 46 ಪಾಲು ಇದೇ ಸಾರಜನಕ. ಪ್ರೋಟೀನಿಗೆ ಹಳೆಯ ಪಠ್ಯಗಳಲ್ಲಿದ್ದ ಸಸಾರಜನಕವೂ ಈ ಬಳ್ಳಿಯದೇ. ನೂರು ವರ್ಷದ ಹಿಂದೆ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದಾಗ ಇಂಥ ಒಂದೊಂದು ಪದಕ್ಕೂ ಎಷ್ಟು ಯೋಚಿಸಿರಬೇಕೆಂದು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ವೈದ್ಯಕೀಯ ಕಾಲೇಜು 1965ರಲ್ಲೇ ಬಂದ ಊರು ನಮ್ಮದು. ಶುಗರ್, ಬಿಪಿ, ಗ್ಯಾಸ್ಟ್ರಿಕ್ ಇಲ್ಲಿ ಯಾವಾಗಲೋ ಮನೆಮಾತಾಗಿವೆ. 'ನನಗೆ ಬಿಪಿ ಐತಿ' ಎಂದಾಗ ಯಾರೂ ತಪ್ಪು ತಿಳಿಯುವುದಿಲ್ಲ, ರಕ್ತದ ಒತ್ತಡ ಎಲ್ಲರಿಗೂ ಇರುವಂಥದ್ದೇ ಆದರೂ. ಮಧುಮೇಹದಲ್ಲಿ ಮೇಹ ಎಂದರೆ ಮೂತ್ರ. ರೋಗವನ್ನು ಅಲ್ಲಿ ಗುರುತಿಸುತ್ತಿದ್ದ ಕಾಲದ ಹೆಸರು. ರಕ್ತದಲ್ಲಿ ಅಳೆಯತೊಡಗಿದ ಮೇಲೆ ಶುಗರ್ ಬಂತು. ಈ ಪದಗಳಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಕೊಡುವ ಪದ ನೆಗೆಟಿವ್. ಪರಿಚಿತ ಹೆಂಗಸೊಬ್ಬರು ಒಮ್ಮೆ ಬೇರೊಂದು ಊರಿನಲ್ಲಿ ಕುತ್ತಿಗೆಯ ಗಂಟಿನ ಪರೀಕ್ಷೆ ಮಾಡಿಸಿದ್ದರು. ಕಿಟಕಿಯಲ್ಲಿ ಲಕೋಟೆ ಕೊಟ್ಟವರು "ನೆಗೆಟಿವ್" ಎಂದಷ್ಟೇ ಹೇಳಿದರಂತೆ. ನೆಗೆಟಿವ್ ಎಂದರೆ ಕೆಟ್ಟದ್ದು. ಟಿವಿಯಲ್ಲಿ, ಮಾತಿನಲ್ಲಿ, ಎಲ್ಲೆಲ್ಲೂ ಹಾಗೆಯೇ. ಆಕೆ ಎರಡು ರಾತ್ರಿ ನಿದ್ದೆಯಿಲ್ಲದೆ, ಮಕ್ಕಳಿಗೂ ಹೇಳದೆ ಕಳೆದು, ಮೂರನೆಯ ದಿನ ಲಕೋಟೆ ಹಿಡಿದು ನನ್ನ ಬಳಿ ಬಂದರು. ಓದಿ, "ಹುಡುಕಿದ್ದು ಸಿಕ್ಕಿಲ್ಲ ಅಂತ ಬರೆದಿದೆ, ಕ್ಯಾನ್ಸರ್ ಕಂಡಿಲ್ಲ" ಎಂದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. 'ಏನೂ ಸಿಕ್ಕಿಲ್ಲ' ಎಂಬ ಎರಡು ಮಾತು ಸಾಕಿತ್ತು. ಕ್ಯಾನ್ಸರ್ ಎಂದರೆ ಏಡಿ, ಅದಕ್ಕೆ ಕನ್ನಡದಲ್ಲಿ ಏಡಿಗಂತಿ ಎಂಬ ಪದವಿದೆ ಎಂದು ಆಗ ನಾನು ವಿವರಿಸಲಿಲ್ಲ. ವ್ಯುತ್ಪತ್ತಿಗೂ ಒಂದು ಹೊತ್ತು ಇರುತ್ತದೆ.

ಕಾಳಿನ ಮಾತು ಮುಗಿದ ಮೇಲೆ ಹಿರಿಯರು ಪತ್ರಿಕೆ ಮುಂದೆ ತಳ್ಳಿದರು. ಹಣದುಬ್ಬರ ಇಳಿಕೆ ಎಂಬ ತಲೆಬರಹವನ್ನು ಎಡಗಣ್ಣಿನಲ್ಲೇ ಓದಿದ್ದರು. "ಇಳಿದೈತಿ ಅಂತಾರೆ. ಪೇಟೆಯಾಗೆ ಯಾವುದೂ ಇಳಿದಿಲ್ಲವಲ್ಲ?"

ಈ ಪ್ರಶ್ನೆ ನೂರು ಜನ ಕೇಳಿದ್ದಾರೆ. ಉತ್ತರ ಲೆಕ್ಕದಲ್ಲಿದೆ. ನೂರು ರೂಪಾಯಿಯ ಸಾಮಾನು ಒಂದು ವರ್ಷದಲ್ಲಿ 106 ಆದರೆ ಉಬ್ಬರ ಶೇ 6. ಮುಂದಿನ ವರ್ಷ ಅದು 109 ಆದರೆ ಶೇ 3ಕ್ಕೂ ಕಡಿಮೆ. ಇಳಿದದ್ದು ಏರುವ ವೇಗ, ಬೆಲೆ ಮತ್ತೆ ಮೂರು ರೂಪಾಯಿ ಮೇಲೇ ಹೋಯಿತು. ರಿಸರ್ವ್ ಬ್ಯಾಂಕ್ ಶೇ 4ರ ಗುರಿ ಇಟ್ಟುಕೊಂಡಿದೆ ಎಂದರೆ, ಬೆಲೆ ವರ್ಷಕ್ಕೆ ಅಷ್ಟು ಏರುವುದೇ ಅದರ ಗುರಿ ಎಂದರ್ಥ.

ಪದದಲ್ಲಿಯೇ ಒಂದು ತೊಡಕಿದೆ. ಉಬ್ಬರ ಎಂದೊಡನೆ ಸಮುದ್ರದ ಉಬ್ಬರ–ಇಳಿತ ಕಣ್ಣಿಗೆ ಕಟ್ಟುತ್ತದೆ. ಏರಿದ ನೀರು ಸಂಜೆಗೆ ಹಿಂದೆ ಸರಿಯಲೇಬೇಕು. ಬೆಲೆ ಹಾಗೆ ಸರಿಯುವುದಿಲ್ಲ. ಇನ್‌ಫ್ಲೇಷನ್ ಎಂಬುದರ ಮೂಲದಲ್ಲಿ ಸಮುದ್ರ ಇಲ್ಲ, ಊದುವುದು ಇದೆ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಅದನ್ನು ತೋರಿಸಲು ಸಮುದ್ರಕ್ಕೆ ಹೋಗಬೇಕಾಗಿಯೂ ಇಲ್ಲ. ಬೇಯಿಸಿ ಒಣಗಿಸಿದ ಭತ್ತದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಚೆನ್ನಾಗಿ ಕಾದ ಮರಳಿಗೆ ಹಾಕಿ ಒಂದೆರಡು ಸಲ ಆಡಿಸಿದರೆ ಸರಸರ ಸದ್ದಿನೊಡನೆ ಅಕ್ಕಿ ಅರಳಿ ಬಾಣಲೆ ತುಂಬಿಬಿಡುತ್ತದೆ. ಸೇರು ಅಕ್ಕಿ ಚೀಲ ತುಂಬುವ ಮಂಡಕ್ಕಿಯಾಗುತ್ತದೆ. ಹಿಡಿದು ಎತ್ತಿದರೆ ತೂಕ ಮಾತ್ರ ಹೆಚ್ಚಿರುವುದಿಲ್ಲ. ನೋಟು ಚೀಲ ತುಂಬಿದಾಗ ಆಗುವುದೂ ಅದೇ. ಅರಳಿದ ಮಂಡಕ್ಕಿ ಮತ್ತೆ ಅಕ್ಕಿಯಾಗುವುದಿಲ್ಲ ಎಂಬುದೂ ಈ ಹೋಲಿಕೆಯೊಳಗೆ ಸೇರಿಕೊಳ್ಳುತ್ತದೆ.

ನಮ್ಮ ಪದದ ಒಂದು ಗುಣವನ್ನು ಮಾತ್ರ ಒಪ್ಪಬೇಕು. ಇಂಗ್ಲಿಷಿನಲ್ಲಿಯೂ ಆ ಪದ ಮೊದಲು ಚಲಾವಣೆಯ ಹಣ ಹಿಗ್ಗುವುದಕ್ಕಿತ್ತು, ಆಮೇಲೆ ಬೆಲೆ ಏರಿಕೆಯ ಕಡೆಗೆ ಜಾರಿತು. ಕನ್ನಡ ಹಣವನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ. ಹಣ ಎಂಬುದಾದರೋ ಒಂದು ಚಿನ್ನದ ನಾಣ್ಯವಾಗಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರಾಯ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಗುವ ಒಂದು ಚುಕ್ಕೆ. ಉಗುರಿನ ಮೇಲೆ ಕೂರುವ ಆ ಚಿನ್ನದ ಹೆಸರು ಇಂದು ಉಬ್ಬುವ ಕಾಗದಕ್ಕೆ ಬಂದಿದೆ.

ಕ್ಯಾಪಿಟಲ್ ಪದದ ಮೂಲದಲ್ಲಿರುವುದು ತಲೆ, ದನಗಳಿಗಿರುವ ಕ್ಯಾಟಲ್ ಎಂಬ ಪದ ಅದರ ಒಡಹುಟ್ಟು ಎಂದೂ ಹೇಳಿದೆ. ಅದಕ್ಕೆ ಅವರು ವಿವರಣೆ ಕೇಳಲಿಲ್ಲ. ಧನವೇ ದನವಾದ ಭಾಷೆ ನಮ್ಮದು. ದನ ಕಟ್ಟುವ ದಾವಣಿಯಿಂದಲೇ ಈ ಊರಿಗೆ ಹೆಸರು ಬಂತೆಂದು ಹೇಳುವವರೂ ಇದ್ದಾರೆ. ಹಿರಿಯರಿಗೆ ಹಿಡಿಸಿದ್ದು ಬೇಡಿಕೆ ಎಂಬ ಪದ. ಮಿಲ್ಲಿನ ಗೇಟಿನ ಮುಂದೆ ಕೂತು ಸಲ್ಲಿಸಿದ್ದೂ ಬೇಡಿಕೆ, ಬಟ್ಟೆಗೆ ಇಲ್ಲ ಎಂದು ಮಾಲೀಕರು ಹೇಳುತ್ತಿದ್ದದ್ದೂ ಬೇಡಿಕೆ. "ಎರಡಕ್ಕೂ ಒಂದೇ ಪದ ಅಂತ ಇವತ್ತು ಹೊಳೀತು ನೋಡ್ರಿ" ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಅರ್ಥಶಾಸ್ತ್ರದ ಬೇಡಿಕೆ ಕೈಯಲ್ಲಿ ಕಾಸಿದ್ದವನ ಆಸೆ. ಗೇಟಿನ ಮುಂದಿನ ಬೇಡಿಕೆ ಕಾಸಿಲ್ಲದವನದು. ಈ ವ್ಯತ್ಯಾಸ ಯಾವ ಪದಕೋಶದಲ್ಲಿಯೂ ನನಗೆ ಇಷ್ಟು ಹತ್ತಿರದಿಂದ ಸಿಕ್ಕಿರಲಿಲ್ಲ.

ಚೀಟಿಯ ನಾಲ್ಕನೆಯ ಸಾಲಿನಲ್ಲಿದ್ದ ಪದ ಪ್ಯೂಪಿಲ್. ಲ್ಯಾಟಿನ್ನಿನಲ್ಲಿ ಪುಟ್ಟ ಗೊಂಬೆ. ಗ್ರೀಕರಿಗೆ ಹುಡುಗಿ ಎಂಬ ಪದವೇ ಕಣ್ಣಿನ ಆ ಕಪ್ಪು ಬೊಟ್ಟಿಗೂ ಹೆಸರು. ಸಂಸ್ಕೃತದ ಕನೀನಿಕೆಯೊಳಗೂ ಹುಡುಗಿಯೇ ಇದ್ದಾಳೆ. ನಮ್ಮದು ಪಾಪೆ, ಗೊಂಬೆಗೂ ಅದೇ ಮಾತು. ಎಲ್ಲ ಕಡೆಯೂ ಯಾರೋ ಒಬ್ಬರು ಇನ್ನೊಬ್ಬರ ಕಣ್ಣನ್ನು ತೀರ ಹತ್ತಿರದಿಂದ ನೋಡಿದ್ದರು.

ಹಿರಿಯರು ಮೊಮ್ಮಗಳನ್ನು ಕರೆದು ಕಿಟಕಿಯ ಬಳಿ ನಿಲ್ಲಿಸಿಕೊಂಡರು. ಕಪ್ಪು ಕನ್ನಡಕ ತೆಗೆದು, ಹೊಸ ಮಸೂರದ ಕಣ್ಣಿನಿಂದ ಅವಳ ಕಣ್ಣೊಳಗೆ ಇಣುಕಿದರು. "ಅದಾನ ನೋಡ್ರಿ," ಎಂದರು ನನಗೆ, "ಸಣ್ಣಗೆ ಕೂತಾನ." ಅವಳಿಗೆ ಅಷ್ಟು ಹೊತ್ತು ಕಣ್ಣು ಪಿಳುಕಿಸದೆ ನಿಲ್ಲುವುದು ಸಾಕಾಗಿತ್ತು. "ನಿನ್ನ ಕಣ್ಣಾಗೆ ನಾನೂ ಅದೀನಿ ತಾತ" ಎಂದು ಹೇಳಿ, ಮಂಚದ ಮೇಲೆ ಬಿದ್ದಿದ್ದ ಚನ್ನಂಗಿ ಕಾಳುಗಳನ್ನು ಆರಿಸಿಕೊಂಡು ಓಡಿದಳು.