ಅಲ್ಪಕಾಲದ ಮಿಷನ್ ಯಾತ್ರೆ ಮತ್ತು ಅದರ ವರದಿ

ಕ್ರೈಸ್ತ ಮಿಷನರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಇವುಗಳನ್ನು ಮತ್ತೊಮ್ಮೆ ಎಣಿಸುವುದು ನಮ್ಮ ಉದ್ದೇಶವಲ್ಲ. ಮಿಷನರಿ ಬರವಣಿಗೆಯಲ್ಲಿ ವಿಮರ್ಶಕರ ಕಣ್ಣು ಅಷ್ಟಾಗಿ ಬೀಳದ ಇನ್ನೊಂದು ಬಗೆಯುಂಟು. ಅದು ಪ್ರವಾಸದ ವರದಿ. ಈ ಬಗೆ ಇನ್ನೂ ಅಳಿದಿಲ್ಲ. ಅಮೆರಿಕ ಮೊದಲಾದ ದೇಶಗಳ ಚರ್ಚುಗಳು ಇಂದಿಗೂ ತರುಣರ ತಂಡಗಳನ್ನು ಒಂದೆರಡು ವಾರಗಳ ಮಟ್ಟಿಗೆ ಬಡದೇಶಗಳಿಗೆ ಕಳುಹಿಸುತ್ತವೆ. ಅವರು ಶಾಲೆಗೊಂದು ಗೋಡೆ ಕಟ್ಟುತ್ತಾರೆ, ಔಷಧ ಹಂಚುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ. ಮರಳಿದ ಮೇಲೆ ತಮ್ಮನ್ನು ಕಳುಹಿಸಿದ ಸಭೆಯ ಮುಂದೆ ನಿಂತು ಕಂಡುದನ್ನು ಹೇಳುತ್ತಾರೆ. ಹೀಗೆ ಹೇಳುವ ರೀತಿಗೆ ಒಂದು ಪರಂಪರೆಯಿದೆ. ಅದರ ಬೆಲೆ ಎಷ್ಟೆಂಬುದನ್ನು ಬೆಳಗಾವಿಯ ಸೀಮೆಯಲ್ಲಿ ನಿಂತು ವಿಚಾರಿಸಬೇಕೆಂದು ನಮ್ಮ ಆಸೆ.

ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದದ್ದು 1818ರಲ್ಲಿ. ಎರಡೇ ವರ್ಷಗಳಲ್ಲಿ, 1820ರಲ್ಲಿ, ಲಂಡನ್ ಮಿಷನರಿ ಸಂಘದ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದನು. ಆಮೇಲೆ ವಿಲಿಯಂ ಬೇಯ್ನನ್ ಬಂದು ಕೂಡಿಕೊಂಡನು. ಅವನ ಹೆಸರು ಊರಿನ ಒಂದು ಪ್ರೌಢಶಾಲೆಗೆ ಅಂಟಿಕೊಂಡು ಉಳಿದಿದೆ. ಇವರು ನೆಲೆ ನಿಂತವರು. ಆದರೆ ಬೋಧಕರ ಕೆಲಸದ ಒಂದು ಭಾಗ ಮಳೆಯಿಲ್ಲದ ತಿಂಗಳುಗಳಲ್ಲಿ ಹಳ್ಳಿ, ಸಂತೆ, ಜಾತ್ರೆಗಳನ್ನು ಸುತ್ತುವುದೇ ಆಗಿತ್ತು. ಆ ಸುತ್ತಾಟದಿಂದ ಹುಟ್ಟುವ ವರದಿಗೆ ಸಿದ್ಧವಾದ ಒಂದು ಅಚ್ಚಿದೆ: ಊರ ಹೊರಗಿನ ಮರದ ನೆರಳು, ಕೂಡಿದ ಜನ, ಯಾರೋ ಒಬ್ಬನ ಪ್ರಶ್ನೆ, ಅದಕ್ಕೆ ತಕ್ಕ ಉತ್ತರ, ಹಂಚಿದ ಪುಸ್ತಕಗಳ ಸಂಖ್ಯೆ, ಮರುದಿನದ ಪಯಣ. ಇದು ಸುಳ್ಳೆಂದು ನಾವು ಹೇಳುವುದಿಲ್ಲ. ದೋಷವಿರುವುದು ಅಚ್ಚಿನಲ್ಲಿ. ಈ ಅಚ್ಚಿನಲ್ಲಿ ಕೇಳುಗನಿಗೆ ಹೆಸರಿಲ್ಲ. ಕೊನೆಯ ಮಾತು ಯಾವಾಗಲೂ ಬಂದವನದೇ. ಓದುವವರು ಸಮುದ್ರದಾಚೆಯ ದಾನಿಗಳಾದ ಮೇಲೆ ಬರೆಯುವವನು ಬೇರೆ ಹೇಗೆ ಬರೆದಾನು?

ಖಾನಾಪುರದ ಕಡೆಗೆ ಬಂದರೆ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿಯುವ ಈ ತಾಲೂಕಿನಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದರೊಳಗೊಂದು ಹಾಸುಹೊಕ್ಕಾಗಿವೆ. ಮನೆಯ ಮಾತು ಒಂದು, ಸಂತೆಯ ಮಾತು ಇನ್ನೊಂದು ಆಗಬಹುದು. ಒಂದು ದಿನ ತಂಗಿ ಹೋಗುವವನಿಗೆ ಎದುರಿನವರ ಮೌನ ಭಕ್ತಿಯದೋ, ಭಾಷೆ ತಿಳಿಯದ್ದೋ, ಬೇಸರದ್ದೋ ಹೇಗೆ ಗೊತ್ತಾಗಬೇಕು? ಮೌನಕ್ಕೆ ಇನ್ನೊಂದು ಕಾರಣವೂ ಇರಬಹುದಾಗಿತ್ತು. ಟೇಲರನು ಬಂದ ಹನ್ನೊಂದನೆಯ ವರ್ಷ, 1831ರಲ್ಲಿ, ಇದೇ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಂಥ ನೆಲದಲ್ಲಿ ಬಿಳಿಯ ಬೋಧಕನ ಹಿಂದೆ ದಂಡಿನ ನೆರಳನ್ನು ಕಾಣದೆ ಜನ ಅವನ ಮಾತು ಕೇಳಿದರೆಂದು ನಂಬುವುದು ಕಷ್ಟ. ಪ್ರವಾಸದ ವರದಿಯಲ್ಲಿ ಈ ಅನುಮಾನಕ್ಕೆ ಎಡೆಯಿಲ್ಲ.

ಹಾಗಾದರೆ ಬಹುಕಾಲ ನಿಂತವರ ಬರಹವೆಲ್ಲ ಉತ್ತಮವೇ? ಅದೂ ಅಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗ್ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದನು. ಆದರೂ ಈ ನಾಡಿನ ಮತಗಳು ತಪ್ಪುದಾರಿಯವೆಂಬ ಬಾಸೆಲ್ ಮಿಷನ್ನಿನ ನಿಲುವು ಅವನ ನಿಲುವೂ ಆಗಿತ್ತು. ಖಂಡಿಸುವುದಕ್ಕಾದರೂ ಓದಬೇಕಾಯಿತು, ಓದಿದ್ದರಿಂದ ಋಣ ಬೆಳೆಯಿತು. 1853ರಲ್ಲಿ ಬಂದ ಕಿಟೆಲ್ ಈ ಋಣದ ದೊಡ್ಡ ಉದಾಹರಣೆ. ಅವನ ಸಾಹಿತ್ಯಶ್ರಮ ಸ್ವಂತ ಮಿಷನ್ನಿನ ಹಿರಿಯರಿಗೆ ರುಚಿಸಲಿಲ್ಲ. 1894ರಲ್ಲಿ ಹೊರಬಂದ ಅವನ ನಿಘಂಟನ್ನು ತೆರೆದು ನೋಡಿ: ಶಬ್ದದ ಬಳಿಯಲ್ಲಿ ಗಾದೆ ನಿಂತಿದೆ. ಗಾದೆಯನ್ನು ಬಂದವನು ಹೇಳಿಕೊಡಲಾರ, ಇದ್ದವರಿಂದ ಕೇಳಬೇಕು. ಅಲ್ಲಿ ಕೊನೆಯ ಮಾತು ಕನ್ನಡಿಗನದು.

ಆದುದರಿಂದ ಕಾಲಾವಧಿಯೊಂದೇ ಅಳತೆಯಲ್ಲ. ಯಾರು ಯಾರಿಗೆ ಋಣಿ ಎಂಬುದು ಮುಖ್ಯ. ಬಂದುಹೋಗುವ ಧರ್ಮಬೋಧಕ ನಮಗೆ ಹೊಸಬನಲ್ಲ. ಜಂಗಮ ಎಂಬ ಮಾತಿಗೇ ಚಲಿಸುವವನು ಎಂದರ್ಥ. ಅವನು ಊರಿಗೆ ಬಂದರೆ ಭಿಕ್ಷೆ ಬೇಡುತ್ತಾನೆ, ಕೊಡುವವನು ಊರವನು. ಖಾನಾಪುರ ತಾಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕೆ, ಇನ್ನೂ ಹಳೆಯ ಸಾಕ್ಷಿ ಕೊಡುತ್ತದೆ. ಅಲ್ಲಿಯ ತಾಮ್ರಪಟಗಳಲ್ಲಿ ರವಿವರ್ಮನದೊಂದು ಇದೆ; ದತ್ತಿಯ ಗ್ರಾಮದ ಆದಾಯದಿಂದ ಜೈನ ಯತಿಗಳನ್ನು ಮಳೆಗಾಲದ ನಾಲ್ಕು ತಿಂಗಳು ಪೋಷಿಸಬೇಕೆಂಬುದು ಅದರ ಕಟ್ಟಳೆ. ಮಲೆನಾಡಿನ ಅಂಚಿನ ಆ ಮಳೆಯಲ್ಲಿ ಅಲೆಯುವ ಯತಿ ನಿಲ್ಲಲೇಬೇಕು, ಊರಿನ ಅನ್ನ ಉಣ್ಣಲೇಬೇಕು. ಗುಡಾರವನ್ನೂ ಬುತ್ತಿಯನ್ನೂ ತಾನೇ ಹೊತ್ತು ತಂದು, ಕೊಡುವವನು ತಾನೊಬ್ಬನೇ ಆಗಿ ಮರಳುವ ಅತಿಥಿಯನ್ನು ಈ ಸಂಪ್ರದಾಯ ಯಾವ ಹೆಸರಿನಿಂದ ಕರೆದೀತು?

ಇಂದಿನ ತಂಡಗಳ ಪರವಾಗಿ ಒಂದು ಮಾತು ಹೇಳಬಹುದು. ತಾವು ಕಲಿಯಲು ಹೋಗುತ್ತೇವೆಂದು ಅವರಲ್ಲಿ ಕೆಲವರು ಪ್ರಾಮಾಣಿಕವಾಗಿ ಒಪ್ಪುತ್ತಾರೆ. ಆದರೆ ಏನನ್ನು ಕಲಿತರೆಂಬ ಪ್ರಶ್ನೆಗೆ ಸಂತೋಷ, ಸರಳತೆ, ಬಡವರ ತೃಪ್ತಿ ಎಂಬ ಉತ್ತರ ಬಂದರೆ ಹಳೆಯ ಅಚ್ಚು ಮುರಿದಿಲ್ಲವೆಂದೇ ತಿಳಿಯಬೇಕು. ಇವು ಯಾವ ದೇಶಕ್ಕೂ ಒಪ್ಪುವ ಮಾತುಗಳು. ಊರಿನ ಹೆಸರು ಬದಲಿಸಿದರೆ ವರದಿ ಹಾಗೆಯೇ ನಡೆದೀತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಂತೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಹಳ್ಳಿಗಳಲ್ಲಿ ಏಳು ದಿನಗಳ ಶಿಬಿರ ಹೂಡುತ್ತಾರೆ. ವರದಿಗಳನ್ನು ಬರೆಯುವವರು, ತಿದ್ದುವವರು ನಾವೇ. ಧ್ವಜಾರೋಹಣ, ಶ್ರಮದಾನ, ಉಪನ್ಯಾಸ, ನೆಟ್ಟ ಸಸಿಗಳ ಸಂಖ್ಯೆ, ಸಮಾರೋಪ. ಮರದ ನೆರಳಿನ ಬದಲು ಶಾಲೆಯ ಜಗಲಿ. ಮಿಕ್ಕಂತೆ ಅಚ್ಚು ಅದೇ. ನಾವು ತಿದ್ದಿದ ವರದಿಗಳನ್ನು ಮತ್ತೆ ತೆಗೆದು ನೋಡಿದೆವು. ಶಿಬಿರಕ್ಕೆ ರೊಟ್ಟಿ ಬಡಿದು ಕೊಟ್ಟ ಮನೆಗಳ ಉಲ್ಲೇಖ ಒಂದರಲ್ಲಿಯೂ ಇರಲಿಲ್ಲ. ಆ ಊರಿನವರು ಯಾವ ಭಾಷೆಯಲ್ಲಿ ಮಾತನಾಡಿದರೆಂಬುದೂ ಇರಲಿಲ್ಲ.